ಬೋರಲು ಹಾಕಿದ ತೆಪ್ಪ

ಪೂರಿಗಾಲಿ ಕಡೆಯ ಹೊಳೆದಂಡೆಯಲ್ಲಿ ಹುಚ್ಚೀರಯ್ಯನ ತೆಪ್ಪ ಹತ್ತದೆ ದೊಡ್ಡವರಾದವರು ಕಡಿಮೆ. ನಡುಗಡ್ಡೆಯಲ್ಲಿ ಹೊಲ ಇದ್ದವರನ್ನು, ಅವರ ಗೊಬ್ಬರದ ಮೂಟೆಗಳನ್ನು, ಒಮ್ಮೆ ಹೆರಿಗೆ ನೋವು ತಿನ್ನುತ್ತಿದ್ದ ಚಿಕ್ಕನಂಜಮ್ಮನನ್ನೂ ಆತ ದಾಟಿಸಿದ್ದ. ಆವತ್ತು ಹುಟ್ಟಿದವಳೇ ಆಶಾರಾಣಿ. ಈಗ ಅವಳಿಗೆ ಮಂಡ್ಯದ ಗುತ್ತಲಿನಲ್ಲಿ ಮನೆ, ಒಂದು ಆಫೀಸಿನಲ್ಲಿ ಕೆಲಸ, ಐದು ವರ್ಷದ ಮಗಳು ಬಿಂದುಶ್ರೀ.

ತವರಿಗೆ ಬಂದಿದ್ದ ಭಾನುವಾರ ಮಗಳಿಗೆ ಹೊಳೆ ತೋರಿಸಲು ಹೊರಟಳು. ಮುದುಕ ಹುಚ್ಚೀರಯ್ಯ ಖುಷಿಯಿಂದ ಗಡ್ಡೆಯನ್ನು ಪೂರ್ತಿ ಒಂದು ಸುತ್ತು ಹಾಕಿಸಿದ. ನೀರುಕಾಗೆ ರೆಕ್ಕೆ ಒಣಗಿಸುವ ಬಂಡೆ, ಮೊಸಳೆ ಬಿಸಿಲು ಕಾಯುವ ಮರಳು, ಎಲ್ಲ ತೋರಿಸಿದ. ಆಮೇಲೆ ಬಂಡೆಗಳು ಸುತ್ತುವರಿದ, ಗಡ್ಡೆಗೆ ತೆಪ್ಪ ಹಚ್ಚುವ ಪುಟ್ಟ ಕಡವಿನಲ್ಲಿ ಇಳಿಸಿ, ತೆಪ್ಪ ಎಳೆದು ಬೋರಲು ಹಾಕಿ, ಹುಟ್ಟನ್ನು ಅದರಡಿ ತಳ್ಳಿ, ತನ್ನ ಅವರೆ ಸಾಲು ನೋಡಲು ಹೋದ.

ಆ ಕಡವಿಗೊಂದು ಕಟ್ಟಳೆಯಿದೆ. ಬೋರಲು ಬಿದ್ದ ತೆಪ್ಪವನ್ನು ಯಾರೂ ಮುಟ್ಟುವಂತಿಲ್ಲ, ಅದರ ಯಜಮಾನ ಗಡ್ಡೆಯ ಮೇಲೇ ಇದ್ದಾನೆ ಎಂದರ್ಥ. ಅಂಗಾತ ಇದ್ದರೆ ಅವಸರ ಇದ್ದವರು ಒಯ್ಯಬಹುದು. ಆಶಾರಾಣಿ ಇದನ್ನು ಅಕ್ಷರಕ್ಕಿಂತ ಮೊದಲೇ ಕಲಿತವಳು. ಆದರೂ ಮಗಳನ್ನು ತೆಪ್ಪದೊಳಗೆ ಕೂರಿಸಿ ಫೋಟೋ ತೆಗೆಯುವ ಆಸೆಗೆ, ಉಸಿರು ಬಿಗಿಹಿಡಿದು ಅದನ್ನು ಮಗುಚಿ ಅಂಗಾತ ಮಾಡಿದಳು. ಫೋಟೋ ಆಯಿತು. ಅಷ್ಟರಲ್ಲಿ ಮಗು ಬೆಳ್ಳಕ್ಕಿ ಹಿಂದೆ ಓಡಿತು, ತೆಪ್ಪವನ್ನು ಹಾಗೇ ಬಿಟ್ಟು ತಾಯಿಯೂ ಓಡಿದಳು. ಮರಳಿ ಬರುವಷ್ಟರಲ್ಲಿ ಹುಲ್ಲು ಕುಯ್ಯಲು ಬಂದಿದ್ದ ಹೆಂಗಸರು ಆ ತೆಪ್ಪದಲ್ಲೇ ಆಚೆ ದಡ ಸೇರುತ್ತಿದ್ದರು.

ಹುಚ್ಚೀರಯ್ಯ ಬಂದು ಬರಿ ಮರಳನ್ನು ನೋಡುತ್ತ ನಿಂತ. ಆಶಾರಾಣಿ ಬಾಯಿ ತೆರೆದಳು. ಹೊಳೆದಂಡೆಯಲ್ಲಿ ಬೆಳೆದವಳಿಗೆ ಇಷ್ಟೂ ನೆನಪಿಲ್ಲವೇ ಅಂದುಬಿಟ್ಟಾನೆಂದು ಮುಚ್ಚಿಕೊಂಡಳು. ಅವನ ಮಗ ಲಿಂಗರಾಜುವಿಗೆ ಫೋನು ಹಚ್ಚಿದಳು, ಅಷ್ಟೆ.

ಲಿಂಗರಾಜು ಇನ್ನೊಂದು ತೆಪ್ಪ ತಂದ. ಬೋರಲು ಹಾಕುವುದನ್ನು ಅಪ್ಪ ಮರೆತನೆಂದೇ ತಿಳಿದ. ವರ್ಷದಿಂದ ಬಡಕೊಳ್ಳುತ್ತಿದ್ದೇನೆ, ಅಪ್ಪನಿಗೆ ಅರಳುಮರಳು ಎಂದು. ಹೊಳೆ ನಡುವೆ ಜನರನ್ನು ಮುಳುಗಿಸುವ ತನಕ ಕಾಯಬೇಕೇ ಎಂದು ರೇಗಿದ.

"ನಾಳಿಂದ ಹುಟ್ಟು ಮುಟ್ಬ್ಯಾಡ. ದನ ನೋಡ್ಕಂಡು ಮನೇಲಿರು."

ಮಗನ ತೆಪ್ಪದಲ್ಲಿ ಹುಚ್ಚೀರಯ್ಯ ಸಾಮಾನಿನಂತೆ ಕೂತ. "ಬೋರಲಾಕಿದ್ದೆ ಕಣ್ಲಾ," ಅಂದ. ಇನ್ನೊಮ್ಮೆ ಅದನ್ನೇ ಅಂದ. ಮೂರನೆಯ ಸಲ ದನಿ ಇಳಿಯಿತು. "ಆಕಿದ್ನಾ?" ಎಂದು ತನ್ನ ಅಂಗೈಗಳನ್ನೇ ನೋಡಿಕೊಂಡ.

ಆಶಾರಾಣಿಗೆ ಇನ್ನು ತಡೆಯಲಾಗಲಿಲ್ಲ. "ಮಗುಚಿದ್ದು ನಾನು ಕಣಣ್ಣ, ಫೋಟೋಗೆ. ತಾತ ಬೋರಲಾಕೇ ಓಗಿದ್ದ."

ಲಿಂಗರಾಜುವಿನ ಕೈ ನಿಂತಿತು. ತೆಪ್ಪ ಇದ್ದಲ್ಲೇ ಒಂದು ಸುತ್ತು ತಿರುಗಿತು. ಮುದುಕ ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

"ಅಲ್ಲೇ ಯೋಳ್ಬಾರ್ದಾಗಿತ್ತಾ ಅವ್ವ. ನನ್ ತಲೆ ಕೆಟ್ಟೋಯ್ತು ಅಂತ ನಾನೇ ನಂಬ್ಬುಟ್ಟಿದ್ದೆ."

ಮಗನ ಕಡೆ ಕೈ ಚಾಚಿದ. ಲಿಂಗರಾಜು ಹುಟ್ಟು ಕೊಟ್ಟ. ದಡ ಬರುವವರೆಗೂ ಆಶಾರಾಣಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ತೆಪ್ಪದ ಬಿದಿರ ಹೆಣಿಗೆಯನ್ನೇ ನೋಡುತ್ತ ಕೂತಿದ್ದಳು.

ಹುಚ್ಚೀರಯ್ಯ ಮಗುವನ್ನು ಎತ್ತಿ ಒಣಮರಳಿನ ಮೇಲೆ ಇಳಿಸಿದ. ಆಮೇಲೆ ಎಂದಿನಂತೆ ಅವಳಿಗೂ ಕೈ ನೀಡಿದ. ಹಿಡಿಯುವ ಮುಖವಿಲ್ಲದೆ ಅವಳು ಸೀರೆ ನೆನೆಸಿಕೊಂಡು ಮೊಣಕಾಲುದ್ದ ನೀರಿಗೆ ತಾನೇ ಇಳಿದಳು.