ದೇವೀಂದ್ರಪ್ಪ ಕಂಪ್ಯೂಟರ್ ತೊಳೆದದ್ದು

ದೇವೀಂದ್ರಪ್ಪನ ಹಿರಿಯರು ದಂಡೋತಿಯಲ್ಲಿ ಕಾಗಿಣಾ ಹೊಳೆಗೆ ಬಲೆ ಬೀಸಿದವರು. ಈತ ಮಾತ್ರ ನೀರು ಬಿಟ್ಟು ಕಲ್ಲಿಗೆ ಬಂದು ಶಹಾಬಾದಿನಲ್ಲಿ ಅಂಗಡಿ ಹಾಕಿದ. ಹಾಸುಗಲ್ಲಿನ ಮೇಲೆ ಮನೆಗಳ ಹೆಸರು ಕೊರೆಯುವುದು ಅವನ ಕಸುಬು. ಮೊದಲು ಉಳಿ, ಸುತ್ತಿಗೆ. ಈಗ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ. ವಾಡಿ, ಸೇಡಂ ಕಡೆಯ ಎಷ್ಟೋ ಬಾಗಿಲುಗಳಿಗೆ ನಾಮಕರಣ ಮಾಡಿದ ಮಹಾಪುರುಷ ಇವನೇ. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತದ್ದರಿಂದ ಅವನ ಧೈರ್ಯ ಯಾವಾಗಲೂ ವಿದ್ಯೆಗಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು.

ಮಹಾನವಮಿ ಹತ್ತಿರ ಬಂತೆಂದರೆ ಆ ಸೀಮೆಯ ಮನೆಗಳಲ್ಲಿ ತೊಳೆಯದ ವಸ್ತು ಉಳಿಯುವುದಿಲ್ಲ. ಹೊದೆಯುವ ಕೌದಿಗಳ ಗಂಟನ್ನು ಟಂಟಂ ಆಟೋಗೆ ಹೇರಿಸುತ್ತ ಹೆಂಡತಿ ಸಾಬಮ್ಮ ಹೇಳಿದಳು:

“ನಾ ಹೊಳಿಗಿ ಹೊಂಟೀನ್ರಿ. ಬರೂದ್ರಾಗ ಅಂಗಡಿ ಹಸನಾಗಿರಬೇಕು.”

“ಕೆಲಸಕ್ಕ ಬರಲಾರದ್ದು ಒಂದೂ ಇಡಂಗಿಲ್ಲ, ನೋಡ್ತಿರು.”

“ಅದಕ್ಕೇ ಅಂಜಿಕಿ ನಂಗ. ಹೋದ ವರ್ಷ ಕಸಾ ಅಂತ ನಮ್ಮವ್ವನ ಬೀಸೋ ಕಲ್ಲಿನ ಗೂಟಾ ಚೆಲ್ಲಿ ಬಂದ್ರಿ. ಕಲ್ಲು ಇನ್ನಾ ಸುಮ್ನ ಕುಂತದ.”

ದೇವೀಂದ್ರಪ್ಪ ಕಸಬರಿಗೆ ಹುಡುಕತೊಡಗಿದ. ಟಂಟಂ ಮರೆಯಾದ ಮೇಲೆ ಜೇಡರ ಬಲೆ ಹರಿದ, ಕಲ್ಲಿನ ಪುಡಿ ಗುಡಿಸಿದ. ಗೆಲುವಿನ ಅಮಲು ಇಳಿಯುವ ಮೊದಲೇ ಕಂಪ್ಯೂಟರ್ ಕಣ್ಣಿಗೆ ಬಿತ್ತು. ಒಳಗೂ ತೊಳೆಯಬೇಕಲ್ಲ?

ಅದಕ್ಕೆ ಲಿನಕ್ಸ್ ಎಂಬ ಬಿಟ್ಟಿ ವ್ಯವಸ್ಥೆ ಹಾಕಿಕೊಟ್ಟವನು ವಾಡಿಯ ಕಂಪ್ಯೂಟರ್ ರಿಪೇರಿಯ ಹುಡುಗ ಶಾಕೀರ. ಕಪ್ಪು ಕಿಟಕಿಯಲ್ಲಿ ಅಪ್ಪಣೆ ಟೈಪಿಸಿದರೆ ಸಾಕು, ಒಳಗಿರುವ ಸಾಫ್ಟ್‌ವೇರ್ ಪ್ಯಾಕೇಜುಗಳೆಲ್ಲ ಹೆಸರು ಹೇಳುತ್ತವೆ. ಬಾ ಎಂದರೆ ಬರುತ್ತವೆ, ಹೋಗು ಎಂದರೆ ಹೋಗುತ್ತವೆ ಎಂದು ಕಲಿಸಿದ್ದ. ದೇವೀಂದ್ರಪ್ಪ ಅಪ್ಪಣೆ ಕೊಟ್ಟ. ಹೆಸರುಗಳು ವಾರಕರಿಗಳ ದಿಂಡಿಯ ಹಾಗೆ ಸಾಲುಗಟ್ಟಿ ಹೊರಟವು, ಮುಗಿಯಲೇ ಇಲ್ಲ.

“ಇಷ್ಟು ಮಂದಿ ಬಿಟ್ಟಿ ಉಣ್ಣಾಕತ್ತಾರಲೇ!” ಎಂದು ಉರಿದೆದ್ದ. ತಾನೆಂದೂ ತೆರೆಯದ, ಬಾಲದಲ್ಲಿ ಅಂಕಿ ಕಟ್ಟಿಕೊಂಡ ಒಂದನ್ನು ಆರಿಸಿ, ‘ರಿಮೂವ್’ ಎಂದು ಗಡೀಪಾರಿನ ಆಜ್ಞೆ ಹೊರಡಿಸಿದ. ಯಂತ್ರ ವಿನಯದಿಂದಲೇ ಕೇಳಿತು: ಇದನ್ನು ನಂಬಿಕೊಂಡ ಇವರೂ ಹೊರಡುತ್ತಾರೆ, ಆಗಬಹುದೇ? ಕೆಳಗೆ ಅರ್ಧ ಪರದೆ ಹೆಸರು. ಒಂದೇ ಕಸಬರಿಗೆಗೆ ಇಷ್ಟೊಂದು ಕಸ! ಓದದೆ ಹೂಂ ಎಂದ.

ಆಮೇಲೆ ಆ ದಿನದ ನಿಜವಾದ ಕೆಲಸಕ್ಕೆ ಕೈ ಹಾಕಿದ. ಚಿತ್ತಾಪುರದ ನಾಗರತ್ನಾ ಟೀಚರ್ ತಮ್ಮ ಹೊಸ ಮನೆಗೆ ತಾಯಿಯ ಹೆಸರಿಟ್ಟಿದ್ದರು. ಆ ತಾಯಿ ನೀಲಾಬಾಯಿ ಇಳಿವಯಸ್ಸಿನಲ್ಲಿ ಅಕ್ಷರ ಕಲಿತವಳು; ಕಲ್ಲಿನ ಮೇಲೆ ಮೂಡಬೇಕಾದದ್ದು ಅವಳದೇ ಕೈಬರಹ. ದೇವೀಂದ್ರಪ್ಪ ಅದನ್ನು ವಾರವಿಡೀ ಕಂಪ್ಯೂಟರಿನಲ್ಲಿ ತಿದ್ದಿ ಇಟ್ಟಿದ್ದ. ಸಂಜೆ ಗೌಂಡಿ ಕಲ್ಲು ಕೂರಿಸುವವನಿದ್ದ; ಮಧ್ಯಾಹ್ನ ತಾಯಿ-ಮಗಳು ಬರುವವರಿದ್ದರು.

ಕೊರೆಯುವ ಪ್ರೋಗ್ರಾಂ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಗಡೀಪಾರಾದವರ ಗುಂಪಿನಲ್ಲಿ ಅನ್ನ ಕೊಡುವ ಧಣಿಯೂ ಹೊರಟುಹೋಗಿದ್ದ.

ದೇವೀಂದ್ರಪ್ಪನ ಬಾಯಿಯ ತಂಬಾಕು ರುಚಿ ಕಳೆದುಕೊಂಡಿತು. ಮೊಬೈಲಿನ ನೆಟ್ ಹಚ್ಚಿ ಆ ಪ್ರೋಗ್ರಾಂ ಒಂದನ್ನೇ ಹುಡುಕಿ ತಂದು ಕೂರಿಸಲು ಹೋದ. ಅದು ಮುನಿದ ಬೀಗರಂತೆ, ಇಂಥವನು ಬಾರದೆ ನಾನು ಕೂರೆ ಎಂದಿತು. ಅವನನ್ನು ಹುಡುಕಿ ತಂದರೆ ಅವನಿಗೆ ಇನ್ನೊಬ್ಬ ಬೇಕು. ಆ ಇನ್ನೊಬ್ಬನ ಮಾವನಿಗೆ ಆಮಂತ್ರಣ ಮುಟ್ಟಿಲ್ಲ. ಕೊನೆಗೆ ಬೆವರುತ್ತ ಶಾಕೀರನಿಗೆ ಫೋನು ಹಚ್ಚಿದ.

“ಅರೆ ಕಾಕಾ, ಹೂಂ ಅನ್ನೂ ಮುಂದ ಓದಿದ್ರೇನು?”

“ಓದಿದ್ರ ನಿನಗ್ಯಾಕ ಫೋನ್ ಮಾಡ್ತಿದ್ನೋ ತಮ್ಮಾ! ನೀಲಾಬಾಯಿ ಆಯಿ ಅಕ್ಷರ ಹೋದ್ವೇನು, ಅದು ಹೇಳು ಮೊದ್ಲ.”

“ನೀವು ಬರದು ಇಟ್ಟಿದ್ದಕ್ಕ ಅದು ಕೈ ಹಚ್ಚಂಗಿಲ್ಲ, ಅಂಜಬ್ಯಾಡ್ರಿ. ಒಬ್ಬೊಬ್ಬರನ್ನ ಹಿಡದು ತರೂದು ಬಿಡ್ರಿ. ಕಪ್ಪು ಕಿಟಕಿನ್ಯಾಗ ‘ಇನ್‌ಸ್ಟಾಲ್’ ಅಂತ ಮದುಮಗನ ಹೆಸರಷ್ಟೇ ಹೇಳ್ರಿ. ದಿಬ್ಬಣ ಅದೇ ಕರಕೊಂಡು ಬರ್ತದ.”

ದೇವೀಂದ್ರಪ್ಪ ಹಾಗೇ ಟೈಪಿಸಿದ. ಯಂತ್ರ ಮತ್ತೆ ಕೇಳಿತು: ಜೊತೆಗೆ ಇವರೂ ಬರುತ್ತಾರೆ, ಆಗಬಹುದೇ? ಈ ಸಲ ದೇವೀಂದ್ರಪ್ಪ ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ, ಪ್ರತಿಯೊಂದು ಹೆಸರನ್ನೂ ಓದಿದ. ತಾನು ಅಟ್ಟಿದ ಆ ಅಂಕಿಬಾಲದವನೂ ನಡುವೆ ನಿಂತಿದ್ದ. “ಬಾರಪ್ಪಾ, ತಪ್ಪಾತು” ಎಂದು ಹೂಂ ಒತ್ತಿದ.

ದಿಬ್ಬಣ ಬಂತು. ಪ್ರೋಗ್ರಾಂ ತೆರೆಯಿತು. ಒಳಗೆ ನೀಲಾಬಾಯಿಯ ಅಕ್ಷರಗಳು ಹೇಗಿದ್ದವೋ ಹಾಗೇ, ‘ಬಾ’ ತುಸು ಬಲಕ್ಕೆ ವಾಲಿ, ಕಾದು ಕುಳಿತಿದ್ದವು. ದೇವೀಂದ್ರಪ್ಪ ಯಂತ್ರಕ್ಕೂ ವಾಡಿಯ ದಿಕ್ಕಿಗೂ ಕೈಮುಗಿದ. ಕೊರೆಯುವ ಸೂಜಿ ಕಲ್ಲಿಗಿಳಿದು ಗುಂಯ್ ಎಂದಾಗ ಅದಕ್ಕಿಂತ ಇಂಪಾದ ಸಂಗೀತ ಅವನು ಕೇಳಿರಲಿಲ್ಲ.

ಮಧ್ಯಾಹ್ನ ಮಗಳ ಜೊತೆ ಬಂದ ನೀಲಾಬಾಯಿ ಇನ್ನೂ ಬಿಸಿಯಾಗಿದ್ದ ಕಲ್ಲಿನ ಮೇಲೆ ಬೆರಳಾಡಿಸಿದಳು.

“ಬಾ ಸೊಟ್ಟ ಅದಲ್ಲೋ ದೇವೀಂದ್ರಾ?”

“ನಿನ್ನ ಕೈಯೇ ಹಂಗದ ಆಯಿ.”

“ಹೂಂ, ನಂದೇ ಅದ,” ಎಂದು ಮುದುಕಿ ಮಗಳತ್ತ ತಿರುಗಿದಳು. ನಾಗರತ್ನಾ ಟೀಚರ್ ಸೆರಗಿನಿಂದ ಕಲ್ಲಿನ ಪುಡಿ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು.

ಕಲ್ಲು ಹೇರಿಕೊಂಡ ಅವರ ಜೀಪು ಹೋದ ಹಿಂದೆಯೇ ಸಾಬಮ್ಮನ ಟಂಟಂ ಬಂತು. ಹಸಿ ಕೌದಿ ಇಳಿಸುತ್ತ ಕೇಳಿದಳು, “ಏನೇನ್ ಚೆಲ್ಲಿದ್ರಿ ಈ ವರ್ಷ?”

“ಚೆಲ್ಲಿದ್ದೆ. ಎಲ್ಲಾರೂ ವಾಪಸ್ ಬಂದಾರ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಹೇಳುವಷ್ಟು ಮೂರ್ಖನೂ ಅಲ್ಲ. ಹಿತ್ತಲಿಗೆ ಹೋಗಿ ಜಾಲಿ ಕಟ್ಟಿಗೆಯ ತುಂಡೊಂದನ್ನು ಆರಿಸಿಕೊಂಡು, ಬೀಸುವ ಕಲ್ಲಿನ ಮುಂದೆ ಕುಳಿತು, ಗೂಟ ಕೆತ್ತತೊಡಗಿದ.