ನಿಲ್ತಾನೆ, ನಿಲ್ಲತ್ತೆ

ಅಥವಾ ಅವನು ‘ನಿಲ್ಲತ್ತೆ’ ಅಂದಿರಲೂಬಹುದು. ಇಷ್ಟು ವರ್ಷ ‘ನಿಲ್ತಾನೆ’ ಎಂದೇ ಕೇಳಿಸಿಕೊಂಡು ಬಂದಿದ್ದೇನೆ. ಆದರೆ ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು ಮಾತಾಡುವವನ ಕೊನೆಯ ಅಕ್ಷರವನ್ನು ಎಷ್ಟು ನಂಬುವುದು? ಉಪ್ಪಿಟ್ಟು ಇತ್ತು ಎಂಬುದೂ ಖಾತ್ರಿಯಿಲ್ಲ. ಭಾನುವಾರ ಬೆಳಗ್ಗೆ ನಮ್ಮಲ್ಲಿ ಉಪ್ಪಿಟ್ಟೇ ಆಗುತ್ತಿದ್ದುದರಿಂದ, ಅದನ್ನು ಅವನ ಬಾಯಿಗೆ ನಾನೇ ಆಮೇಲೆ ಇಟ್ಟಿರಬಹುದು.

ಅವನು ಎಂದರೆ ಆಗ ನನ್ನ ಗಂಡ. ನೆನಪಿನಲ್ಲಿ ಅವನು ತನ್ನ ಮೆಚ್ಚಿನ ತಂಡದ ಹೊಸ ಜರ್ಸಿ ಹಾಕಿಕೊಂಡಿದ್ದಾನೆ. ಆ ಜರ್ಸಿ ಮನೆಗೆ ಬಂದದ್ದು ಒಂದು ತಿಂಗಳ ನಂತರ. ಕಿಟಕಿಯಾಚೆ ಕಾಡಿನ ಬೆಂಕಿಯ ಹೊಗೆ ಕವಿದು ಬೆಟ್ಟವೇ ಕಾಣುತ್ತಿಲ್ಲ. ಹೊಗೆ ಬಂದದ್ದು ಆ ವರ್ಷವೋ ಮರುವರ್ಷವೋ, ಅಮೆರಿಕದ ಸಿಯಾಟಲ್ ಬಳಿ, ಸ್ನೊಕ್ವಾಲ್ಮಿಯ ಆ ಮನೆಯಲ್ಲಿ ಎರಡು ಬೇಸಿಗೆಗಳನ್ನು ಕಿಟಕಿ ಮುಚ್ಚಿಕೊಂಡೇ ಕಳೆದೆವು. ಜರ್ಸಿ ಸುಳ್ಳು, ಹೊಗೆ ಅನುಮಾನ. ಹೋಗಲಿ, ಅವು ನನಗೆ ಬೇಕಿಲ್ಲ. ನನಗೆ ಬೇಕಾದದ್ದು ಒಂದು ಕ್ರಿಯಾಪದದ ಬಾಲ ಮಾತ್ರ.

ಅವನ ತಂಡ ಇಲ್ಲಿಯದಲ್ಲ. ಓದಲು ಬಂದಾಗ ಅವನು ಮೊದಲು ಇಳಿದದ್ದು ಪೂರ್ವದ ಕಡೆ, ದೊಡ್ಡ ಸರೋವರದ ದಡದಲ್ಲಿ ತುಕ್ಕು ಹಿಡಿದ ಕಾರ್ಖಾನೆಗಳ ಒಂದು ಊರಿನಲ್ಲಿ. ಆ ಊರಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಎಲ್ಲವೂ ಇತ್ತು, ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಬಿಟ್ಟು. ಇದ್ದರು, ಆದರೆ ಯಾರೂ ಉಳಿಯುತ್ತಿರಲಿಲ್ಲ. ಒಬ್ಬನ ಭುಜ ಹೋಗುತ್ತಿತ್ತು, ಒಬ್ಬನ ಧೈರ್ಯ ಹೋಗುತ್ತಿತ್ತು, ಇನ್ನೊಬ್ಬನನ್ನು ಮೂರೇ ಪಂದ್ಯ ಆದಮೇಲೆ ಆಡಿಸದೆ ಬೆಂಚಿನಲ್ಲಿ ಕೂರಿಸುತ್ತಿದ್ದರು. ಇವನು ಅವರ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಹೋದವರು ಪೆನ್ನಿನಲ್ಲಿ, ಈಗಿರುವವನು ಮಾತ್ರ ಪೆನ್ಸಿಲ್ಲಿನಲ್ಲಿ.

“ಪೆನ್ನಲ್ಲಿ ಬರೆದ್ರೆ ದೃಷ್ಟಿ ಆಗತ್ತೆ ಕಣೇ,” ಅನ್ನುತ್ತಿದ್ದ.

ಆಗ ನಮ್ಮ ಸುತ್ತಲಿನವರೆಲ್ಲ ಗೆಲ್ಲುತ್ತಿದ್ದರು. ಸಿಯಾಟಲ್ಲಿನ ತಂಡಕ್ಕೆ ಗಟ್ಟಿ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ್ದ. ನಮ್ಮ ಬೀದಿಯ ಪ್ರತಿ ಗ್ಯಾರೇಜಿನ ಮೇಲೂ ನೀಲಿ ಹಸಿರು ಬಾವುಟ. ನಾನೂ ಒಂದು ನೀಲಿ ಸ್ವೆಟರ್ ತಂದುಕೊಂಡಿದ್ದೆ.

“ಗೆಲ್ಲೋರ ಹಿಂದೆ ಹೋಗೋದು ದೊಡ್ಡ ವಿಷ್ಯಾನಾ?” ಎಂದು ಕೆಣಕುತ್ತಿದ್ದ.

“ಮತ್ತೆ ಸೋಲೋರ ಹಿಂದೆ ಹೋಗೋದು?”

“ನಾನು ಬೆಂಗ್ಳೂರೋನು ಕಣೇ. ಪ್ರತಿ ಬೇಸಿಗೆ ಕ್ರಿಕೆಟ್ಟಲ್ಲಿ ಟ್ರೇನಿಂಗ್ ಆಗಿದೆ. ಈ ಸಲ, ಈ ಸಲ ಅಂದ್ಕೊಂಡೇ ದೊಡ್ಡೋನಾಗಿದೀನಿ.”

ಕ್ವಾರ್ಟರ್‌ಬ್ಯಾಕ್ ಎಂದರೇನು ಎಂದು ಒಮ್ಮೆ ಉಪ್ಪಿನ ಡಬ್ಬಿ, ಸಾಸಿವೆ ಡಬ್ಬಿ ಇಟ್ಟು ನನಗೆ ವಿವರಿಸಿದ್ದ. ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಿನವರು ಅವನನ್ನು ಬೀಳಿಸಲು ನುಗ್ಗಿ ಬರುತ್ತಿರುತ್ತಾರೆ. ಅವನು ಅವರನ್ನು ನೋಡಬಾರದು. ಎರಡು ಮೂರು ಸೆಕೆಂಡು ಇದ್ದಲ್ಲೇ ಇದ್ದು, ದೂರ ನೋಡಿ, ಎಸೆಯಬೇಕು. “ಎಸೆಯೋದು ಎಲ್ರಿಗೂ ಬರತ್ತೆ. ನಿಲ್ಲೋದು ಬರಲ್ಲ,” ಅಂದ. ಅಂದಿನಿಂದ ನಮ್ಮ ಮನೆಯಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಎರಡೇ ಜಾತಿ: ನಿಲ್ಲುವವರು, ನಿಲ್ಲದವರು.

ನಿಲ್ಲುವುದು ಎಂಬ ಪದಕ್ಕೆ ನನ್ನ ಕಡೆಯಿಂದ ಇನ್ನೊಂದು ಅರ್ಥವಿತ್ತು. ಎರಡು ವರ್ಷದಲ್ಲಿ ಎರಡು ಸಲ ಬಸಿರಾಗಿ, ಎರಡು ಸಲವೂ ನಿಂತಿರಲಿಲ್ಲ. ಡಾಕ್ಟರು ಉದ್ದವಾದ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಅಮ್ಮ ಫೋನಿನಲ್ಲಿ ಕೇಳಿ, “ನಿಲ್ಲಲಿಲ್ಲ ಅನ್ನು,” ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಎರಡನೆಯ ಸಲ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಮುಖ ನೋಡಿದ್ದೆ. ಆ ಮುಖವನ್ನು ಇನ್ನೊಮ್ಮೆ ನೋಡಲಾರೆ ಎಂದು ಆಗಲೇ ತೀರ್ಮಾನಿಸಿದ್ದೆನೋ, ಆಮೇಲೆ ಕಾರಣ ಹುಡುಕಿಕೊಂಡೆನೋ, ಹೇಳಲಾರೆ.

ಅವನು ಆ ಮಾತು ಹೇಳಿದ್ದು ಸೀಸನ್ನಿನ ಮೊದಲ ಭಾನುವಾರ. ಎರಡು ದಿನದ ಹಿಂದೆ, ಶುಕ್ರವಾರ, ಬಚ್ಚಲಿನಲ್ಲಿ ಪರೀಕ್ಷೆಯ ಕಡ್ಡಿಯ ಮೇಲೆ ಎರಡು ಗೆರೆ ಮೂಡಿದ್ದವು. ಅವನಿಗೆ ಹೇಳಲಿಲ್ಲ. ಕಡ್ಡಿಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಹಾಕಿದೆ. ಸಂಜೆ ಕಸ ಹೊರಗೆ ಹಾಕಿದವನು ಅವನೇ.

ಪೂರ್ವದ ಪಂದ್ಯಗಳು ನಮಗೆ ಬೆಳಗ್ಗೆ ಹತ್ತಕ್ಕೆ. ಅದಕ್ಕೆ ಮುಂಚೆ, ಎಂಟಕ್ಕೆ, ಬೆಂಗಳೂರಿನಲ್ಲಿ ರಾತ್ರಿಯ ಊಟ ಮುಗಿಸಿರುತ್ತಿದ್ದ ಅತ್ತೆಯ ಜೊತೆ ವೀಡಿಯೊ ಮಾತು. ಲ್ಯಾಪ್‌ಟಾಪ್ ಅಡಿಗೆಕಟ್ಟೆಯ ಮೇಲಿತ್ತು. ನಾನು ಅವನ ಹಿಂದೆ, ಪರದೆಗೆ ಕಾಣದ ಕಡೆ, ಕಾಫಿ ಸೋಸುತ್ತಿದ್ದೆ.

“ಏನೋ, ವಿಶೇಷ ಏನಾದ್ರೂ ಇದ್ಯಾ?” ಎಂದರು ಅತ್ತೆ.

ಪ್ರತಿ ವಾರ ಕೇಳುತ್ತಿದ್ದರು. ಮದುವೆಯಾದವರನ್ನು ಆ ದನಿಯಲ್ಲಿ ‘ವಿಶೇಷ’ ಎಂದು ಕೇಳಿದರೆ ಏನು ಅರ್ಥ ಎಂದು ನಮ್ಮವರಿಗೆಲ್ಲ ಗೊತ್ತು. ಅವನಿಗೂ ಗೊತ್ತು. ಅವನು ಪ್ರತಿ ವಾರ ಅದನ್ನು ಬೇರೆ ಎಲ್ಲೋ ತಿರುಗಿಸುತ್ತಿದ್ದ.

“ಹೊಸಬ ಬಂದಿದಾನಮ್ಮ,” ಎಂದ.

“ಆಂ?”

“ಹೊಸಬ. ಈ ಸಲ ನಿಲ್ತಾನೆ.”

ಅಥವಾ, “ಈ ಸಲ ನಿಲ್ಲತ್ತೆ.”

ಸಂಪರ್ಕ ಕಡಿಯಿತೇನೋ ಎಂದು ಅವನು ಪರದೆ ತಟ್ಟಿದ. ಅತ್ತೆಯ ದನಿ ಮೆಲ್ಲಗೆ ಬಂತು: “ಸರಿ ಕಂದ. ಜಾಸ್ತಿ ಮಾತಾಡ್ಬೇಡ ಈಗ. ಬಾಯಿಬಿಟ್ಟು ಹೇಳ್ಕೋಬಾರ್ದು.” ಅಷ್ಟೇ ಹೇಳಿ ಇಟ್ಟುಬಿಟ್ಟರು.

ಅವನು ತಿರುಗಿ ನನ್ನನ್ನು ನೋಡಿದ. ನೋಡಿದನೇ? ನೋಡಿದ ಎಂದೇ ಇಟ್ಟುಕೊಂಡಿದ್ದೇನೆ. ಕಾಫಿಗಾಗಿ ನೋಡಿರಬಹುದು.

ಸೀಸನ್ನಿನ ಮೂರನೆಯ ವಾರ, ಬುಧವಾರ, ಪಕ್ಕದ ಊರಾದ ಇಸ್ಸಾಕ್ವಾದ ನನ್ನ ಆಫೀಸಿನಲ್ಲಿ ರಕ್ತ ಹೋಗಲು ಶುರುವಾಯಿತು. ಹತ್ತಿರದ ಕ್ಲಿನಿಕ್ಕಿಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ, ನಾನೇ ವಾಪಸ್ ಬಂದೆ. ಹೆದ್ದಾರಿಯಲ್ಲಿ ಬಲಗಡೆಯ ಲೇನಿನಲ್ಲೇ ಬಂದೆ, ಲಾರಿಗಳ ಹಿಂದೆ. ಮನೆಯಲ್ಲಿ, ತಿಂಗಳಿನ ಹೊಟ್ಟೆನೋವು ಎಂದು ಹೇಳಿ ಮಲಗಿದೆ. ಅವನು ಬಿಸಿನೀರಿನ ಚೀಲ ತಂದ, ಜೀರಿಗೆ ಕಷಾಯ ಮಾಡಿದ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಭಾನುವಾರದ ಪಂದ್ಯವನ್ನು ಟಿ.ವಿ.ಯ ಶಬ್ದ ಪೂರ್ತಿ ಅಡಗಿಸಿ ನೋಡಿದ. ನಾನು ಮಲಗಿದ್ದೇನೆ ಎಂದಿರಬಹುದು. ಅವನ ತಂಡ ಸೋಲುತ್ತಿತ್ತು ಎಂದೂ ಇರಬಹುದು.

ಅದಾಗಿ ನಾಲ್ಕೈದು ದಿನಕ್ಕೆ ಬೆಂಗಳೂರಿನಿಂದ ಪಾರ್ಸೆಲ್ ಬಂತು. ಸಾರಿನ ಪುಡಿ, ನಿಂಬೆಕಾಯಿ ಉಪ್ಪಿನಕಾಯಿ, ಮಧ್ಯೆ ಹತ್ತಿಯಲ್ಲಿ ಸುತ್ತಿದ ಪುಟ್ಟ ಡಬ್ಬಿಯಲ್ಲಿ ಕೇಸರಿ. ಜೊತೆಗೆ ಅತ್ತೆಯ ಕೈಬರಹದ ಚೀಟಿ: ‘ಹಾಲಿಗೆ ಎರಡೇ ಎಸಳು. ಭಾರ ಎತ್ತಬೇಡಮ್ಮ.’

ಅವನು ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ನಕ್ಕ.

“ಅಯ್ಯೋ, ಅವತ್ತು ನಾನು ಹೇಳಿದ್ದನ್ನ ಏನೋ ಅಂದ್ಕೊಂಡಿದಾಳೆ. ಕ್ವಾರ್ಟರ್‌ಬ್ಯಾಕ್‌ಗೆ ಕೇಸರಿ ಕಳಿಸಿದಾಳೆ ಕಣೇ.”

“ಭುಜಕ್ಕೆ ಒಳ್ಳೇದೇನೋ,” ಎಂದೆ. ನಾನೂ ನಕ್ಕೆ. ನಗದೆ ಇದ್ದಿದ್ದರೆ ಹೇಳಬೇಕಾಗುತ್ತಿತ್ತು.

ಕೇಸರಿ ಡಬ್ಬಿಯನ್ನು ಅವನು ಮೇಲಿನ ಕಪಾಟಿನ ಹಿಂಭಾಗಕ್ಕೆ ತಳ್ಳಿದ. ಅಲ್ಲಿಗೆ ನನ್ನ ಕೈ ಎಟುಕುತ್ತಿರಲಿಲ್ಲ. ಮಹಡಿಯ ಮೇಲಿಂದ ಅವನ ಫೋನ್ ಮಾತು ಕೇಳಿಸಿತು: “ಆಟದ ವಿಷ್ಯ ಅಮ್ಮ. ಇಲ್ಲ. ಇಲ್ಲಮ್ಮ, ಆಟದ ವಿಷ್ಯ.”

ಹೊಸಬ ಐದನೆಯ ವಾರಕ್ಕೆ ಬೆಂಚಿಗೆ ಹೋದ. ನನ್ನ ಗಂಡ ರಬ್ಬರು ತೆಗೆದುಕೊಂಡು ಫ್ರಿಜ್ಜಿನ ಮುಂದೆ ನಿಂತದ್ದು ನನಗೆ ನೆನಪಿದೆ, ಅಥವಾ ಆ ಹಾಳೆಯಲ್ಲಿ ಕೆಳಗಿನ ಸಾಲು ಉಜ್ಜಿ ಉಜ್ಜಿ ತೆಳುವಾಗಿ ತೂತಾಗಿದ್ದು ನೆನಪಿದೆ, ಉಳಿದದ್ದನ್ನು ನಾನು ಸೇರಿಸಿಕೊಂಡಿದ್ದೇನೆ. ಬೇರೆಯವರ ಹೆಸರನ್ನೆಲ್ಲ ಪೆನ್ನಿನಲ್ಲಿ ತಿದ್ದಿ ಉಳಿಸಿದ್ದ. ಇವನ ಹೆಸರೊಂದೇ ಅಳಿಸಿದ.

ಒಂದೂವರೆ ವರ್ಷದ ನಂತರ, ಏನಕ್ಕೋ ಶುರುವಾದ ಜಗಳದಲ್ಲಿ ನಾನು ಕೇಳಿದೆ: “ನಿಂಗೆ ಯಾವತ್ತಾದ್ರೂ ಏನಾದ್ರೂ ಗೊತ್ತಾಗಿದ್ಯಾ?”

“ನೀನು ಯಾವತ್ತಾದ್ರೂ ಏನಾದ್ರೂ ಹೇಳಿದೀಯಾ?” ಎಂದ.

ಏನೂ ಗೊತ್ತಿಲ್ಲದವನ ಉತ್ತರ ಎಂದು ಅದನ್ನು ತೆಗೆದುಕೊಂಡು ನಾನು ಆ ಮನೆ ಬಿಟ್ಟೆ. ಪಕ್ಕದಲ್ಲೇ ಮಲಗಿದ್ದವನಿಗೆ ತಿಳಿಯದೆ ಹೋಯಿತಲ್ಲ ಎಂಬ ಸಿಟ್ಟಿನಲ್ಲೇ ಇಸ್ಸಾಕ್ವಾದಲ್ಲಿ ಅಪಾರ್ಟ್‌ಮೆಂಟ್ ಹಿಡಿದೆ, ವಿಚ್ಛೇದನದ ಕಾಗದಗಳಿಗೆ ಸಹಿ ಹಾಕಿದೆ. ಅವನು ಸಿಯಾಟಲ್ಲಿನ ಉತ್ತರಕ್ಕೆ, ಲಿನ್‌ವುಡ್ ಕಡೆ ಹೋದ. ಆ ಉತ್ತರ ಎಲ್ಲವೂ ಗೊತ್ತಿದ್ದು ನಾನು ಹೇಳಲಿ ಎಂದು ಕಾದವನ ಉತ್ತರವೂ ಆಗಿರಬಹುದೆಂದು ಹೊಳೆದದ್ದು ಬಹಳ ತಡವಾಗಿ. ಒಂದು ದಿನ ಫ್ರಿಜ್ಜಿನಿಂದ ಹಾಲು ತೆಗೆಯುವಾಗ, ಯಾವ ಕಾರಣವೂ ಇಲ್ಲದೆ, ಆ ಮಾತು ಬೇರೆ ಬಾಲ ಹೊತ್ತು ಕೇಳಿಸಿತು: ಈ ಸಲ ನಿಲ್ಲತ್ತೆ.

‘ನಿಲ್ತಾನೆ’ ಆದರೆ ಅವನು ಆಟಗಾರನ ಬಗ್ಗೆ ಹೇಳಿದ್ದು. ಆಗ, ನಾನು ಹೇಳದೇ ಇದ್ದದ್ದನ್ನು ತಿಳಿದುಕೊಳ್ಳಲಿಲ್ಲ ಎಂದು ಒಬ್ಬನನ್ನು ಬಿಟ್ಟುಬಂದಿದ್ದೇನೆ. ‘ನಿಲ್ಲತ್ತೆ’ ಆದರೆ ಅವನು ನನ್ನ ಬಸಿರಿನ ಬಗ್ಗೆ ಹೇಳಿದ್ದು. ಆಗ ಆ ಬುಧವಾರ ಕಷಾಯದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದವನಿಗೆ ಎಲ್ಲ ಗೊತ್ತಿತ್ತು.

ಇನ್ನೊಬ್ಬ ಸಾಕ್ಷಿ ಅತ್ತೆ. ಈಗ ಅವರು ನನಗೆ ಅತ್ತೆಯಲ್ಲ, ಆದರೂ ಹಾಗೆಯೇ ಕರೆದೆ. ಒಂದು ಯುಗಾದಿಗೆ ಕಾಲ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ, ಆ ಭಾನುವಾರ ಅವನು ಹೇಳಿದ್ದು ಯಾವ ಮಾತು ಎಂದು ಕೇಳಿದೆ.

“ಯಾವ ಮಾತು ಅಂತ ಹೇಳ್ಲಿ ಕಣಮ್ಮ,” ಎಂದರು. “ನನ್ನ ಕಿವಿಗೆ ಬೇಕಾಗಿದ್ದು ಕೇಳಿಸ್ತು.”

ಆಮೇಲೆ, “ಯಾಕೆ, ಏನಾದ್ರೂ ಇತ್ತಾ ಆಗ?” ಎಂದು ಕೇಳಿದರು.

“ಇಲ್ಲ ಅತ್ತೆ,” ಎಂದೆ.

ಅವನ ನಂಬರ್ ನನ್ನ ಫೋನಿನಲ್ಲಿ ಇನ್ನೂ ಇದೆ. ನಾನು ಕೇಳಿಲ್ಲ. ಅಂದು ಅವನು ಯಾವ ಪದ ಹೇಳಿದ ಎಂದು ನನಗೆ ಗೊತ್ತಿಲ್ಲ. ಅವನಿಗೆ ಅದು ನೆನಪಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.