ಐಸಾಕನ ಕೊನೆಯ ಲೋಡು

ಐಸಾಕ್ ಫಾಸೆಟ್ ಕೆಂಡಲ್ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡ. ಎರಡು ದಿನ ಬಿಟ್ಟು ಅವನ ಹೆಂಡತಿ ನೆಟ್ಟಾ ಶವಸಂಸ್ಕಾರದ ಏರ್ಪಾಟು ಮಾಡುವ ಪ್ರಿಕೆಟ್‌ನ ಎದುರು ಹೋಗಿ ಕೂತಳು. ಹೂವು, ಹಾಡು, ಪೆಟ್ಟಿಗೆಯ ಮರ ಎಲ್ಲದಕ್ಕೂ ಹೂಂಗುಟ್ಟಿದವಳು ಪೆಟ್ಟಿಗೆ ಸಾಗಿಸುವ ಕಪ್ಪು ಕಾರಿನ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿದಳು.

"ಕಾರು ಬೇಡ. ಅವನ ಲಾರೀಲೇ ಊರಿಗೆ ಕರ್ಕೊಂಡು ಹೋಗ್ತೀನಿ."

ಪ್ರಿಕೆಟ್ ಗಾಬರಿಯಾಗಲಿಲ್ಲ. ಡ್ರೈವರುಗಳ ಪೆಟ್ಟಿಗೆ ಲಾರಿಯ ಮೇಲೆ ಹೋಗುವುದು ನಮ್ಮ ಕಡೆ ಹೊಸದೇನಲ್ಲ. "ಆಗಲಿ ಅಮ್ಮಾವ್ರೇ, ಚೆನ್ನಾಗಿರುತ್ತೆ. ಸುತ್ತ ಹೂವು ಕಟ್ಟಿಸೋಣ. ಓಡಿಸೋರು ಯಾರು?"

"ನಾನೇ."

ಎಪ್ಪತ್ತಾರರ ಮುದುಕಿಯನ್ನು ಅವನು ಮೇಲಿಂದ ಕೆಳಗೆ ನೋಡಿದ. ವರ್ಷ ವರ್ಷ ಡಾಕ್ಟರ ಮುಂದೆ ನಿಂತು ಲಾರಿ ಲೈಸೆನ್ಸು ಉಳಿಸಿಕೊಂಡವಳು ಅವಳು. ಆ ನೋಟಕ್ಕೆಲ್ಲ ಜಗ್ಗುವವಳಲ್ಲ.

"ಹೂವು ಬೇಡ," ಎಂದಳು. "ಕೆಳಗೆ ಲೋಡು ಹಾಕಿಸ್ತೀನಿ. ದನದ ಹಿಂಡಿ, ಹನ್ನೆರಡು ಟನ್. ಮೇಲೆ ಟಾರ್ಪಾಲು, ಹಗ್ಗ. ಐಸಾಕ್ ಖಾಲಿ ಲಾರೀಲಿ ಮನೆಗೆ ಬರೋನಲ್ಲ."

ಈಗ ಪ್ರಿಕೆಟ್ ಗಾಬರಿಯಾದ.

ಅದೇನು ಹಟ ಎಂದು ಮೂಗು ಮುರಿಯುವ ಮೊದಲು ಆ ಕಾಲ ಹೇಗಿತ್ತು ಎಂದು ಗೊತ್ತಿರಬೇಕು. ಹೊಸ ಹೆದ್ದಾರಿ ಬರುವ ಮುಂಚೆ ದಕ್ಷಿಣದಿಂದ ಸ್ಕಾಟ್ಲೆಂಡಿಗೆ ಹೋಗುವ ಸರಕಿನಲ್ಲಿ ಹೆಚ್ಚುಪಾಲು ಕೆಂಡಲ್ ದಾಟಿ ಶ್ಯಾಪ್ ಗುಡ್ಡ ಹತ್ತಿಯೇ ಹೋಗಬೇಕಿತ್ತು. ನೂಲು, ಬಿಸ್ಕತ್ತು, ಕಾಗದದ ಸುರುಳಿ, ಕಬ್ಬಿಣದ ಕೊಳವೆ. ಲಾರಿಗಳಿಗೆ ಸದ್ದು ಇದ್ದಷ್ಟು ಶಕ್ತಿ ಇರಲಿಲ್ಲ. ಕ್ಯಾಬಿನ್ನಿಗೆ ಬಿಸಿಗಾಳಿ ಎನ್ನುವುದು ಇರಲೇ ಇಲ್ಲ. ಡ್ರೈವರುಗಳು ಕಾಲಿಗೆ ಗೋಣಿಚೀಲ ಸುತ್ತಿಕೊಂಡು, ಗಾಜಿಗೆ ಹಿಮ ಕಟ್ಟದಂತೆ ಮುಂದೆ ಒಂದು ಮೊಂಬತ್ತಿ ಹಚ್ಚಿಟ್ಟುಕೊಂಡು ಓಡಿಸುತ್ತಿದ್ದರು. ಈಗಿನವರು ಹಳೇ ಲಾರಿ ಎಂದರೆ ಬಣ್ಣ ಬಳಿದು ಹುಲ್ಲಿನ ಮೇಲೆ ನಿಲ್ಲಿಸಿ ಫೋಟೋ ಹೊಡೆಯುವ ಬೊಂಬೆ ಎಂದುಕೊಂಡಿದ್ದಾರೆ. ಅದರೊಳಗೆ ಕೂತು ನಡುಗಿದವರನ್ನು ಕೇಳಲಿ.

ನೆಟ್ಟಾ ಶ್ಯಾಪ್ ಹಳ್ಳಿಯ ಕಲ್ಲುಗಣಿ ಕೂಲಿಯ ಮಗಳು. ಹದಿನೇಳಕ್ಕೇ ಗುಡ್ಡದ ಬುಡದ ಡ್ರೈವರುಗಳ ಚಹಾದಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಒಂದು ಜನವರಿಯಲ್ಲಿ ಉದ್ದನೆಯ ಹುಡುಗನೊಬ್ಬ ಕಾಲಿನ ಗೋಣಿ ಬಿಚ್ಚುವುದನ್ನೇ ಮರೆತು, ಕಪ್ಪೆಯಂತೆ ಕುಪ್ಪಳಿಸುತ್ತ ಒಳಗೆ ಬಂದು ತಿನ್ನಲು ಮಾಂಸದ ಪೈ ಕೇಳಿದ. ಅವಳು ಸೌಟು ಹಿಡಿದುಕೊಂಡೇ ನಕ್ಕಳು.

"ನಿನ್ನನ್ನ ಯಾವ ಊರಿಗೆ ಪಾರ್ಸೆಲ್ ಮಾಡಿದಾರಪ್ಪ?"

ಅವನು ಕಾಲು ನೋಡಿಕೊಂಡ, ಕಿವಿಯವರೆಗೆ ಕೆಂಪಾದ. "ಇಲ್ಲಿಗೇ ಅಂತ ಕಾಣುತ್ತೆ," ಎಂದ. ಮುಂದಿನ ಬೇಸಿಗೆಗೆ ಇಬ್ಬರಿಗೂ ಮದುವೆಯಾಯಿತು, ಶ್ಯಾಪ್ ಹಳ್ಳಿಯಲ್ಲೇ ಮನೆ ಮಾಡಿದರು.

ಐಸಾಕ್ ಒಳ್ಳೆಯವನು, ಆದರೆ ಒಂದು ವಿಷಯದಲ್ಲಿ ಹುಚ್ಚ. ಗ್ಲಾಸ್ಗೋದಲ್ಲಿ ಸರಕು ಇಳಿಸಿದ ಮೇಲೆ ವಾಪಸು ಲೋಡು ಸಿಗದಿದ್ದರೆ ಅವನು ಅಲ್ಲೇ ಕೂರುತ್ತಿದ್ದ. ಒಂದು ದಿನ, ಎರಡು ದಿನ, ಡ್ರೈವರುಗಳ ಲಾಡ್ಜಿನಲ್ಲಿ ಇನ್ನೊಬ್ಬ ಡ್ರೈವರ್ ಆಗತಾನೆ ಎದ್ದುಹೋದ, ಬಿಸಿ ಆರದ ಹಾಸಿಗೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಮತ್ತೆ ಲೋಡಿಗೆ ಅಲೆದು. ಲಾರಿಯ ಖಾಲಿ ಹಲಗೆ, ಅದರ ಮೇಲೆ ಸುತ್ತಿಟ್ಟ ಹಗ್ಗ ತೋರಿಸಿಕೊಂಡು ಶ್ಯಾಪ್‌ಗೆ ಮರಳುವುದು ಎಂದರೆ ಅವನಿಗೆ ಬಟ್ಟೆಯಿಲ್ಲದೆ ಊರೊಳಗೆ ಬಂದಷ್ಟೇ ನಾಚಿಕೆ. ಗುರುವಾರ ಬರುತ್ತೇನೆ ಎಂದವನು ಶನಿವಾರ ಬರುತ್ತಿದ್ದ. ಮಗ ಮಾಲ್ಕಮ್‌ನ ಹುಟ್ಟುಹಬ್ಬದ ಕೇಕು ಎಷ್ಟೋ ಸಲ ಅಪ್ಪನ ಪಾಲು ಒಣಗಿಸಿಕೊಂಡು ಕೂತಿತ್ತು.

ಹೆದ್ದಾರಿ ಬಂತು, ಚಹಾದಂಗಡಿ ಮುಚ್ಚಿತು, ಸಾಗಣೆ ಕಂಪನಿ ಮಾರಿಹೋಯಿತು. ಎಷ್ಟೋ ವರ್ಷದ ಮೇಲೆ ಐಸಾಕ್ ತಾನು ಓಡಿಸಿದ್ದ ಎಂಟು ಚಕ್ರದ ಅಟ್ಕಿನ್ಸನ್ ಲಾರಿಯನ್ನು ಯಾರದೋ ಹೊಲದ ಮೂಲೆಯಲ್ಲಿ ಕಂಡುಹಿಡಿದ. ಕ್ಯಾಬಿನ್ನಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಗಂಡ ಹೆಂಡತಿ ಸೇರಿ ಅದನ್ನು ಮತ್ತೆ ಲಾರಿ ಮಾಡಿದರು. ಅವನ ಮಂಡಿ ಕೈಕೊಟ್ಟಾಗ ಅವಳು ಸ್ಟೀರಿಂಗ್ ಹಿಡಿದಳು.

ಸುದ್ದಿ ಕೇಳಿ ಮಾಲ್ಕಮ್ ಕಾರ್ಲೈಲ್‌ನಿಂದ ಓಡಿಬಂದ. ಅಲ್ಲಿ ವಿಮಾ ಕಚೇರಿಯಲ್ಲಿ ದೊಡ್ಡ ಕೆಲಸದವನು, ಐವತ್ತು ದಾಟಿದವನು. ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ನಿಂತ.

"ಅಮ್ಮ, ನಿನಗೆ ತಲೆ ಕೆಟ್ಟಿದೆಯಾ? ಅಪ್ಪನ ಹೆಣದ ಜೊತೆ ಹಿಂಡಿ ಚೀಲ! ಜನ ಏನಂತಾರೆ?"

"ಲೋಡು ಸಿಕ್ತು ಅಂತಾರೆ. ಖಾಲಿ ಲಾರಿ ಈ ರಸ್ತೇಲಿ ಹೆಂಗೆ ಕುಣಿಯುತ್ತೆ ಗೊತ್ತಾ ನಿನಗೆ? ನಿಮ್ಮಪ್ಪನ್ನ ಪೆಟ್ಟಿಗೆಯೊಳಗೆ ಕುಲುಕಾಡಿಸಿಕೊಂಡು ಬರ್ಲಾ?"

"ಹಾಗಾದ್ರೆ ಕಾರಲ್ಲಿ ತಾ! ಕಾರು ಕುಣಿಯಲ್ಲ!" ಅವನ ದನಿ ಒಡೆಯಿತು. "ಆ ಲಾರಿ ನಮ್ಮಪ್ಪನ್ನ ನನ್ನಿಂದ ಕಿತ್ಕೊಳ್ತು. ಭಾನುವಾರಕ್ಕೆ ಬಂದುಹೋಗೋ ನೆಂಟನ ಥರ ಇದ್ರು ಅವರು ನನಗೆ. ಕೊನೇ ದಿನಾನೂ ಅದಕ್ಕೇ ಕೊಡಬೇಕಾ?"

ಮಗನ ಮಾತು ಸುಳ್ಳಲ್ಲ ಎಂದು ನೆಟ್ಟಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅವಳು ಪಟ್ಟು ಬಿಡುವ ಹೆಂಗಸಲ್ಲ.

"ಕರ್ಕೊಂಡು ಹೋಗಿದ್ದು ನಮ್ಮ ಹೊಟ್ಟೆಪಾಡು ಕಣೋ. ಪ್ರತಿ ಸಲ ವಾಪಸು ತಂದು ಬಾಗಿಲಿಗೆ ಬಿಟ್ಟಿದ್ದು ಲಾರಿ. ಈ ಸಲಾನೂ ಅದೇ ತರುತ್ತೆ. ನಿನಗೆ ಇಷ್ಟ ಇಲ್ದಿದ್ರೆ ಪ್ರಿಕೆಟ್ ಜೊತೆ ಕಾರಲ್ಲಿ ಬಾ."

ಅವನು ಹಾಗೇ ಮಾಡಿದ.

ಹಿಂಡಿ ತರಿಸಿಕೊಂಡ ರೈತ ಶ್ಯಾಪ್ ಹಳ್ಳಿಯವನೇ. ಬಾಡಿಗೆ ಎಷ್ಟು ಎಂದು ಕೇಳಿದ್ದಕ್ಕೆ, "ಚರ್ಚಿನ ಬಾಗಿಲಲ್ಲಿ ಬಂದು ಹೆಗಲು ಕೊಡು, ಅದೇ ಬಾಡಿಗೆ," ಎಂದಿದ್ದಳು. ಹೊರಡುವ ಬೆಳಗ್ಗೆ ಕೆಂಡಲ್‌ನಲ್ಲಿ ಲಾರಿ ತುಂಬಿಸಿದರು. ಚೀಲಗಳ ನಡುವೆ ಗೂಡಿನಂತೆ ಜಾಗ ಬಿಟ್ಟು ಪೆಟ್ಟಿಗೆ ಇಳಿಸಿದರು. ಐಸಾಕನ ಜೊತೆ ಅದೇ ಕಂಪನಿಯಲ್ಲಿ ದುಡಿದ ಟಾಟ್, ಎಂಬತ್ತರ ಮುದುಕ, ಒಂದು ಕಡೆಯಿಂದ ಹಗ್ಗ ಎಸೆದ. ಇನ್ನೊಂದು ಕಡೆ ನೆಟ್ಟಾ ಹಿಡಿದು, ಕುಣಿಕೆ ಹಾಕಿ, ಪೂರ್ತಿ ಮೈಭಾರ ಬಿಟ್ಟು ಜಗ್ಗಿದಳು. ಟಾರ್ಪಾಲಿನ ಮೇಲೆ ಹಗ್ಗ ತಂತಿಯಂತೆ ಬಿಗಿದು ನಿಂತಿತು. ಕೈಮುಗಿದುಕೊಂಡು ನಿಂತ ಜನ ಪೆಟ್ಟಿಗೆ ಎಲ್ಲಿ ಎಂದು ಹುಡುಕುವಂತಾಯಿತು.

"ಹೀಗೆ ಸಾಯೋದೂ ಒಂದು ಅದೃಷ್ಟ ಕಣಮ್ಮ," ಎಂದ ಟಾಟ್, ಕ್ಲೀನರ್ ಸೀಟಿಗೆ ಹತ್ತುತ್ತ. "ನನ್ನ ಸೊಸೆ ನನ್ನನ್ನ ಬೂದಿ ಮಾಡಿ ಡಬ್ಬೀಲಿ ಹಾಕ್ತಾಳಂತೆ."

"ಬಾಯಿ ಮುಚ್ಕೊಂಡು ಕೂತ್ಕೊ ಮಾರಾಯ. ಗೇರಿನ ಸದ್ದು ಕೇಳಬೇಕು ನನಗೆ."

ಮಳೆ ಹಿಡಿಯಿತು. ಶ್ಯಾಪ್ ದಾರಿಯಲ್ಲಿ ಅದು ಹಿಡಿಯದೇ ಇದ್ದರೆ ಸುದ್ದಿ. ಹೆದ್ದಾರಿ ಬಿಟ್ಟು ಹಳೇ ರಸ್ತೆ ಹಿಡಿದು ಲಾರಿ ಮುಂದೆ, ಬೇಕಾದೀತು ಎಂದು ಪ್ರಿಕೆಟ್ ತಂದ ಕಪ್ಪು ಕಾರು ಪೆಟ್ಟಿಗೆಯಿಲ್ಲದೆ, ಮಾಲ್ಕಮ್‌ನನ್ನು ಕೂರಿಸಿಕೊಂಡು ಹಿಂದೆ, ಅದರ ಹಿಂದೆ ನೆಂಟರ ಕಾರುಗಳು, ಕೊನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಹಾರ್ನ್ ಒತ್ತುವ ದಾರಿಹೋಕರು. ನೆಟ್ಟಾ ಯಾರಿಗೂ ಪಕ್ಕಕ್ಕೆ ಸರಿದು ದಾರಿ ಬಿಡಲಿಲ್ಲ.

ಹಕ್ಸ್ ಸೇತುವೆ ದಾಟಿದ ಮೇಲೆ ನಿಜವಾದ ಏರು ಶುರು. ಅಲ್ಲಿ ಸರಿಯಾದ ಗಳಿಗೆಗೆ ಕ್ಲಚ್ಚು ಎರಡು ಸಲ ತುಳಿದು ಕೆಳಗಿನ ಗೇರಿಗೆ ಬೀಳಿಸಬೇಕು. ನೆಟ್ಟಾ ತುಳಿದಳು, ಎಂಜಿನ್ನಿನ ಸದ್ದಿಗೆ ಕಾದಳು, ಎಳೆದಳು. ಕಟಕಟ ಹಲ್ಲು ಕಡಿದ ಸದ್ದು. ಗೇರು ಬೀಳಲಿಲ್ಲ. ಇನ್ನೊಮ್ಮೆ ಎಳೆಯುವಷ್ಟರಲ್ಲಿ ಲಾರಿ ಏರಿನ ನಡುವೆ ನಿಂತೇಬಿಟ್ಟಿತು. ಬ್ರೇಕು ತುಳಿದು, ಕೈಬ್ರೇಕನ್ನು ಎರಡೂ ಕೈಯಲ್ಲಿ ಜಗ್ಗಿದಳು. ಹನ್ನೆರಡು ಟನ್ ಹಿಂಡಿ, ಐಸಾಕ್, ಎಲ್ಲ ಸೇರಿ ಒಂದು ಗೇಣು ಹಿಂದಕ್ಕೆ ಜಾರಿತು.

"ಮರ! ಮರ ಕೊಡು ಟಾಟ್!"

ಹಿಂದಿನ ಕಾಲದಲ್ಲಿ ಈ ಏರಿನಲ್ಲಿ ಕ್ಲೀನರ್ ಕೆಳಗಿಳಿದು, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು ಹಿಡಿದು ಲಾರಿಯ ಪಕ್ಕ ನಡೆಯುತ್ತಿದ್ದ. ಟಾಟ್ ಆ ತುಂಡನ್ನು ಸೀಟಿನ ಕೆಳಗಿನಿಂದ ಎಳೆದನೇನೋ ಸರಿ, ಇಳಿಯಲು ಕಾಲು ಬರಬೇಕಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಲಾರಿ ಮತ್ತೆ ಜಾರಿತು.

ಹಿಂದಿನ ಕಾರಿನ ಬಾಗಿಲು ತೆರೆಯಿತು. ಮಾಲ್ಕಮ್ ಮಳೆಯಲ್ಲಿ ಓಡಿಬಂದು ಮುದುಕನ ಕೈಯಿಂದ ತುಂಡನ್ನು ಕಿತ್ತುಕೊಂಡ.

"ಎಲ್ಲಿಗೆ?"

"ಹಿಂದಿನ ಚಕ್ರಕ್ಕೆ ಕಣೋ! ಕಾಲು ಚಕ್ರದಡಿ ಹೋಗದಂಗೆ ನೋಡ್ಕೊ! ತುಂಡನ್ನ ಒದಿ!" ಎಂದು ಟಾಟ್ ಕೂಗಿದ.

ಅವನು ಕರೀ ಬೂಟಿನಲ್ಲಿ ಒದ್ದ. ಚಕ್ರ ಮರದ ಮೇಲೆ ಕೂತು ನರಳಿತು, ನಿಂತಿತು. ಅಷ್ಟರಲ್ಲಿ ಪ್ರಿಕೆಟ್ ಕೊಡೆ ಬಿಚ್ಚಿಕೊಂಡು ಬಂದ. ಅವನ ಮುಖದಲ್ಲಿ ಜೀವ ಇರಲಿಲ್ಲ.

"ಸಾಕು ಸ್ವಾಮಿ. ಪೆಟ್ಟಿಗೆ ನಮ್ಮ ಗಾಡಿಗೆ ಹಾಕೋಣ. ಪಾದ್ರಿಗಳು ಕಾಯ್ತಿದಾರೆ. ನಿಮ್ಮ ತಾಯಿಗೆ ಇನ್ನು ಆಗಲ್ಲ."

ನೆಟ್ಟಾ ಕಿಟಕಿಯಿಂದ ತಲೆ ಹೊರಹಾಕಿದಳು. "ನನ್ನ ಲೋಡಿನ ಹಗ್ಗ ಮುಟ್ಟಿ ನೋಡು, ಗೊತ್ತಾಗುತ್ತೆ!" ಎಂದು ಕೂಗಿದಳು. ಕೂಗಿದ್ದೇನೋ ಕೂಗಿದಳು, ಆದರೆ ಗೇರು ತಪ್ಪಿದ್ದು ತನ್ನ ಕೈಯಲ್ಲಿ. ಮಗ ಹೂಂ ಎಂದರೆ ಟಾರ್ಪಾಲು ಬಿಚ್ಚುತ್ತಾರೆ, ಮನೆಗೆ ಹತ್ತು ಮೈಲಿಯೂ ಇಲ್ಲದ ಜಾಗದಲ್ಲಿ ಐಸಾಕನನ್ನು ಅವನ ಲಾರಿಯಿಂದ ಇಳಿಸುತ್ತಾರೆ. ಬೇಡಿಕೊಳ್ಳಬೇಕು ಎನಿಸಿತು. ಬೇಡಲಿಲ್ಲ. ಪಕ್ಕದ ಕನ್ನಡಿಯಲ್ಲಿ ಮಗನ ಮುಖವನ್ನೇ ನೋಡುತ್ತ ಬ್ರೇಕು ತುಳಿದು ಕೂತಳು.

ಮಾಲ್ಕಮ್ ಟಾಟ್‌ನ ಕಡೆ ತಿರುಗಿದ. "ಈಗೇನು ಮಾಡಬೇಕು?"

"ನಿಮ್ಮಮ್ಮ ಲಾರಿ ಹೊರಡಿಸ್ತಾಳೆ. ಚಕ್ರ ಮುಂದೆ ಉರುಳಿದ ತಕ್ಷಣ ಮರ ಎತ್ಕೊಂಡು ಪಕ್ಕದಲ್ಲೇ ನಡೀಬೇಕು. ಏರು ಮುಗಿಯೋ ತನಕ. ಲಾರಿ ತಡವರಿಸಿದ್ರೆ ಮತ್ತೆ ಕೊಡಬೇಕು."

"ಅಪ್ಪನಿಗೆ ಯಾರು ನಡೀತಿದ್ರು?"

"ಮೊದಮೊದಲು ನಾನು. ಆಮೇಲೆ ಕಂಪನಿ ಕ್ಲೀನರುಗಳನ್ನ ತೆಗೆದುಹಾಕ್ತು. ಆಮೇಲೆ ಯಾರೂ ಇಲ್ಲ. ಒಬ್ಬನೇ ಹತ್ತಿಸ್ತಿದ್ದ."

ಮಾಲ್ಕಮ್ ಒಂದು ಗಳಿಗೆ ಆ ಏರನ್ನೇ ನೋಡಿದ. ಮೇಲೆ ಮಂಜು, ಎರಡೂ ಕಡೆ ಬೋಳು ಗುಡ್ಡ, ಒದ್ದೆ ಕುರಿಗಳು. ಆಮೇಲೆ ಪ್ರಿಕೆಟ್‌ನ ಕಡೆ ತಿರುಗಿ, "ನಿಮ್ಮ ಗಾಡಿ ಸ್ವಲ್ಪ ಹಿಂದಕ್ಕೆ ತಗೊಳ್ಳಿ," ಎಂದ. "ನಮಗೆ ಜಾಗ ಬೇಕು." ಲಾರಿಯ ಹಲಗೆಗೆ ಅಂಗೈಯಿಂದ ಎರಡು ಸಲ ಬಡಿದ. "ಅಮ್ಮಾ! ಹೊಡಿ!"

ನೆಟ್ಟಾ ಕೆಳಗಿನ ಗೇರಿಗೆ ಹಾಕಿ, ಉಸಿರು ಬಿಗಿಹಿಡಿದು ಕ್ಲಚ್ಚು ಬಿಟ್ಟಳು. ಲಾರಿ ಮೈಮುರಿದು ಎದ್ದಿತು. ನಡೆಯುವ ಮನುಷ್ಯನಿಗಿಂತ ನಿಧಾನ, ಆದರೆ ಮುಂದಕ್ಕೆ. ಮಾಲ್ಕಮ್ ಕೆಸರಾದ ಮರದ ತುಂಡನ್ನು ಎದೆಗೆ ಅವಚಿಕೊಂಡು ಹಿಂದಿನ ಚಕ್ರದ ಪಕ್ಕ ಬಗ್ಗಿ ನಡೆದ. ಅವನ ಒಳ್ಳೆಯ ಕೋಟಿನಿಂದ ನೀರು ಸುರಿಯುತ್ತಿತ್ತು. ಕಾರಿನಲ್ಲಿ ಅಷ್ಟು ನಿಧಾನಕ್ಕೆ ತೆವಳಲಾರದೆ ನೆಂಟರಲ್ಲೂ ಕೆಲವರು ಇಳಿದು ನಡೆಯತೊಡಗಿದರು. ದೂರದಲ್ಲಿ ಯಾರೋ ಹಾರ್ನ್ ಒತ್ತುತ್ತಲೇ ಇದ್ದರು. ಕ್ಯಾಬಿನ್ನಿಗೆ ಮತ್ತೆ ಹತ್ತಿ ಕೂತಿದ್ದ ಟಾಟ್ ಕಿಟಕಿಯಿಂದ ಕೈ ಹೊರಹಾಕಿ, ಚರ್ಚಿಗೆ ಹೊರಟವರು ಮಾಡಬಾರದ ಸನ್ನೆ ಮಾಡಿದ. ನೆಟ್ಟಾ ಅಳುತ್ತಿದ್ದಳು, ನಗುತ್ತಲೂ ಇದ್ದಳು, ಆದರೆ ಎಂಜಿನ್ನಿನ ಮೇಲಿಂದ ಕಿವಿ ತೆಗೆಯಲಿಲ್ಲ.

ಅವರು ಹಳ್ಳಿಯ ಚರ್ಚು ಮುಟ್ಟಿದಾಗ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ಊರಿಗೆ ಹೊಸಬಳಾದ ಪಾದ್ರಿ ಹೆಂಗಸು ಬಾಗಿಲಲ್ಲೇ ನಿಂತಿದ್ದಳು. ಹೆಗಲು ಕೊಡಲು ಬಂದ ರೈತ ತನ್ನ ಹಿಂಡಿ ನೆನೆದಿಲ್ಲ ತಾನೆ ಎಂದು ಒಂದು ಕಣ್ಣು ಲಾರಿಯ ಮೇಲೂ ಇಟ್ಟಿದ್ದ. ನೆಟ್ಟಾ ಎಂಜಿನ್ ಆರಿಸಿದಳು. ಮಾಲ್ಕಮ್ ಮಂಡಿಯವರೆಗೆ ಕೆಸರಾಗಿ ಕ್ಲೀನರ್ ಬಾಗಿಲಿಂದ ಇಳಿದ. ಏರು ಮುಗಿದ ಮೇಲೆ ಟಾಟ್ ಅವನಿಗೆ ಜಾಗ ಬಿಟ್ಟು ನಡುವಿನ ಎಂಜಿನ್ ಮುಚ್ಚಳದ ಮೇಲೆ ಕೂತಿದ್ದ.

ಪಾದ್ರಿ ಮೆಲ್ಲಗೆ ಹೇಳಿದಳು, ಗದರಿಸುವ ದನಿಯಲ್ಲೇನೂ ಅಲ್ಲ: "ಬಹಳ ತಡವಾಯ್ತಲ್ಲ, ಫಾಸೆಟ್ ಅವರೇ. ನೀವು ಬರಲ್ಲ ಅಂತಲೇ ಅಂದ್ಕೊಂಡೆ."

ನೆಟ್ಟಾ ಬಾಯಿ ತೆರೆಯುವ ಮೊದಲೇ ಮಗ ಹೇಳಿದ:

"ನಮ್ಮಪ್ಪ ಹೇಳಿದ ಹೊತ್ತಿಗೆ ಯಾವತ್ತೂ ಬಂದೋರಲ್ಲ ಮೇಡಂ. ಆದ್ರೆ ಬರದೇ ಇದ್ದಿದ್ದು ಒಂದು ಸಲಾನೂ ಇಲ್ಲ."